ಕತ್ತಿನ 'ಲಟಕ್' ಮತ್ತು ತಲೆನೋವು: ಒಂದು ಸಣ್ಣ ಇತಿಹಾಸ

2024ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ಒಂದು ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು, ನಿಮಗೂ ನೆನಪಿರಬಹುದು. ಮೂವತ್ತು ವರ್ಷದ ಯುವಕನೊಬ್ಬ ಕಟಿಂಗ್ ಶಾಪಿನಲ್ಲಿ ಪುಕ್ಕಟೆ ಹೆಡ್ ಮಸಾಜ್ ಮಾಡಿಸಿಕೊಂಡ. ಕೊನೆಗೆ ಕತ್ತನ್ನು ಹಿಡಿದು ಒಮ್ಮೆ ಜೋರಾಗಿ ತಿರುಗಿಸಿದರು. ಕೆಲವೇ ಗಂಟೆಗಳಲ್ಲಿ ಮಾತು ತೊದಲಿತು, ಎಡಭಾಗ ಸೋತಿತು. ಕತ್ತಿನ ರಕ್ತನಾಳ ಒಳಗೇ ಹರಿದು ಪಾರ್ಶ್ವವಾಯು ಆಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕಿ ಚೇತರಿಸಿಕೊಂಡ, ಪುಣ್ಯ!

ನಮ್ಮ ಕೊಡಿಗೇಹಳ್ಳಿ ಕಡೆ ಕಟಿಂಗ್ ಶಾಪುಗಳಲ್ಲೂ ಈ 'ಲಟಕ್' ಹೊಸದೇನಲ್ಲ. ಇದನ್ನೇ ಹೋಲುವ ಕೈರೋಪ್ರಾಕ್ಟಿಕ್ ವೀಡಿಯೋಗಳು ಯೂಟ್ಯೂಬಿನ ತುಂಬ ಇವೆ. ಕತ್ತು ತಿರುಗಿಸಿದರೆ ತಲೆನೋವು ಹೋಗುತ್ತೆ ಅನ್ನೋದರಲ್ಲಿ ನಿಜವೆಷ್ಟು?

ಕತೆ ಶುರುವಾಗೋದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ. ಡಿ.ಡಿ. ಪಾಮರ್ ಅಂತ ಒಬ್ಬ, ಹಿಂದೆ ದಿನಸಿ ಅಂಗಡಿ ಇಟ್ಟಿದ್ದವನು, ಆಗ 'ಅಯಸ್ಕಾಂತ ಚಿಕಿತ್ಸೆ' ಮಾಡ್ತಿದ್ದ. ಅದೇ ಕಟ್ಟಡದ ಜಾಡಮಾಲಿ ಹಾರ್ವಿ ಲಿಲ್ಲಾರ್ಡ್‌ಗೆ ಕಿವಿ ಸರಿಯಾಗಿ ಕೇಳ್ತಿರಲಿಲ್ಲ. ಪಾಮರ್ ಅವನ ಬೆನ್ನುಮೂಳೆಯನ್ನು ಒತ್ತಿದನಂತೆ, ಕಿವಿ ಕೇಳಿಸಿತಂತೆ! ಕಿವಿಯ ನರ ತಲೆಬುರುಡೆಯ ಒಳಗೇ ಇರುತ್ತೆ, ಬೆನ್ನಿಗೆ ಇಳಿಯೋದೇ ಇಲ್ಲ ಅನ್ನೋದು ಬೇರೆ ಮಾತು :-) ಬಹುಪಾಲು ರೋಗಗಳಿಗೆ ಜರುಗಿದ ಮೂಳೆಯೇ ಕಾರಣ ಅಂತ ಪಾಮರ್ ಸಾರಿದ. 1897ರಲ್ಲಿ ಶಾಲೆಯನ್ನೂ ತೆರೆದ. ಗ್ರೀಕಿನಲ್ಲಿ 'ಖೈರ್' ಅಂದರೆ ಕೈ. ನಮ್ಮ 'ಕೈ'ಗೂ ಅದಕ್ಕೂ ಸಂಬಂಧವಿಲ್ಲ, ಆದರೂ ನೆನಪಿಡೋಕೆ ಸುಲಭ.

ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ ಅಂತ 1906ರಲ್ಲಿ ಪಾಮರ್ ಜೈಲಿಗೆ ಹೋದ. ಆದರೆ 1913ರಲ್ಲಿ ಕನ್ಸಾಸ್ ರಾಜ್ಯ ಈ ವೃತ್ತಿಗೆ ಕಾನೂನು ಮಾಡಿತು. 1974ರಲ್ಲಿ ಲೂಸಿಯಾನಾ ಕೊನೆಯದಾಗಿ ಒಪ್ಪಿತು. ಅಮೆರಿಕದ ವೈದ್ಯರ ಸಂಘ ಇವರನ್ನು ಬಹಿಷ್ಕರಿಸಿದ್ದು ತಪ್ಪು ಅಂತ 1987ರಲ್ಲಿ ಕೋರ್ಟೂ ಹೇಳಿತು. ಗಮನಿಸಿ, ಗೆದ್ದದ್ದು ವೃತ್ತಿ. ಪಾಮರನ ಸಿದ್ಧಾಂತ ಅಲ್ಲ.

ಕತ್ತಿನಿಂದ ಹುಟ್ಟುವ ತಲೆನೋವು ಅಂತ ಒಂದಿದೆಯೇ? ಇದೆ. ನಾರ್ವೆಯ ಡಾಕ್ಟರ್ ಓಟ್ಟಾರ್ ಶೋಸ್ತಾಡ್ 1983ರಲ್ಲಿ ಅದಕ್ಕೊಂದು ಪ್ರತ್ಯೇಕ ಹೆಸರು ಕೊಟ್ಟರು: ಸರ್ವೈಕೋಜೆನಿಕ್ ಹೆಡೇಕ್. ಕತ್ತಿನ ಮೇಲಿನ ಮೂರು ನರಗಳೂ ಮುಖದ ನರವೂ ಒಂದೇ ಜಂಕ್ಷನ್ನಿಗೆ ಬಂದು ಸೇರುತ್ತವೆ. ಹಾಗಾಗಿ ಕತ್ತಿನ ನೋವು ಹಣೆಯಲ್ಲೋ ಕಣ್ಣಿನ ಹಿಂದೋ ಕಾಣಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎರಡು ಲೈನು ಒಂದೇ ಪೋರ್ಟಿಗೆ ಬಂದಂಗೆ!

ಆಸ್ಟ್ರೇಲಿಯಾದಲ್ಲಿ ಗ್ವೆಂಡೋಲೆನ್ ಜಲ್ ಮತ್ತವರ ತಂಡ ಇಂಥ 200 ಜನರ ಮೇಲೆ ಪ್ರಯೋಗ ನಡೆಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಚಿಕಿತ್ಸೆ ಕೊಟ್ಟವರು ತರಬೇತಾದ ಫಿಸಿಯೋಥೆರಪಿಸ್ಟುಗಳು. ಕೈಚಿಕಿತ್ಸೆಯಿಂದಲೂ ನೋವು ಕಡಿಮೆಯಾಯ್ತು. ಬರೀ ಕತ್ತಿನ ವ್ಯಾಯಾಮದಿಂದಲೂ ಆಯ್ತು! ಒಂದು ವರ್ಷದ ನಂತರವೂ ಗುಣ ಉಳಿದಿತ್ತು.

ಇನ್ನು 'ಲಟಕ್' ಸದ್ದು? ಜರುಗಿದ ಮೂಳೆ ಕೂತ ಸದ್ದಲ್ಲ ಅದು. 2015ರಲ್ಲಿ ಕೆನಡಾದವರು ಬೆರಳಿನ ನೆಟಿಗೆಯನ್ನು ಎಂಆರ್‌ಐನಲ್ಲಿ ನೋಡಿದಾಗ, ಕೀಲಿನ ದ್ರವದಲ್ಲಿ ಗುಳ್ಳೆಯಂಥ ಖಾಲಿ ಜಾಗ ಹುಟ್ಟುವಾಗ ಆ ಸದ್ದು ಬರುತ್ತೆ ಅಂತ ಗೊತ್ತಾಯ್ತು.

ಬಳ್ಳಾರಿಯಂಥ ಪ್ರಕರಣ ಅಪರೂಪ, ನಿಜ. ರಕ್ತನಾಳ ಮೊದಲೇ ಹರಿದು ಕತ್ತುನೋವು ಬಂದವರು ಚಿಕಿತ್ಸೆಗೆ ಹೋಗಿರಬಹುದು ಅನ್ನೋ ವಾದವೂ ಇದೆ. ಒಂಟಾರಿಯೋದ 2008ರ ಅಧ್ಯಯನ ಅದಕ್ಕೆ ಇಂಬು ಕೊಟ್ಟಿತು. ಆದರೂ ವ್ಯಾಯಾಮದಲ್ಲೇ ಸಿಗಬಹುದಾದ ಗುಣಕ್ಕೆ, ತರಬೇತಿಯೇ ಇಲ್ಲದ ಕೈಗೆ ಕತ್ತು ಕೊಡೋದು ಯಾಕೆ? ಅದರಲ್ಲೂ ತಲೆನೋವು ದಿಢೀರನೆ, ಹಿಂದೆಂದೂ ಇಲ್ಲದಷ್ಟು ಜೋರಾಗಿ ಬಂದರೆ, ಮಾತು ತೊದಲಿದರೆ, ಸೀದಾ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಸಲ ಕಟಿಂಗ್ ಶಾಪಿನಲ್ಲಿ ಮಸಾಜ್ ಮಾಡಿಸಿಕೊಳ್ಳಿ, ಬೇಡ ಅನ್ನಲ್ಲ. ಗಲ್ಲಕ್ಕೆ ಕೈ ಹಾಕಿದ ತಕ್ಷಣ ಮಾತ್ರ "ಅಣ್ಣಾ, ಕತ್ತು ಬೇಡ" ಅಂದುಬಿಡಿ.