ಗೋಡೆ ನಿಂತಿತು, ಗುಡ್ಡ ಜಾರಿತು

ಇಟಲಿಯ ಉತ್ತರದ ಬೆಟ್ಟಸೀಮೆಯಲ್ಲಿ ವಾಯೊಂತ್ ಎಂಬ ಅಣೆಕಟ್ಟು ಇವತ್ತಿಗೂ ನಿಂತಿದೆ. ಎತ್ತರ 260 ಮೀಟರ್‌ಗೂ ಹೆಚ್ಚು. ಆದರೆ ಅದರ ಬೆನ್ನಿಗೆ ಈಗಿರುವುದು ಕುಸಿದು ಬಿದ್ದ ಗುಡ್ಡ.

1963ರ ಅಕ್ಟೋಬರ್ 9, ರಾತ್ರಿ ಹತ್ತೂವರೆ ದಾಟಿತ್ತು. ಜಲಾಶಯದ ಪಕ್ಕದ ಟೊಕ್ ಬೆಟ್ಟದ ಒಂದು ಮಗ್ಗುಲು, ಸುಮಾರು 26 ಕೋಟಿ ಘನ ಮೀಟರ್ ಕಲ್ಲುಮಣ್ಣು, ಒಮ್ಮೆಲೇ ನೀರಿಗೆ ಜಾರಿತು. ನೀರು ಅಣೆಕಟ್ಟಿನ ಮೇಲಿಂದ ಹಾರಿ ಕೆಳಗಿನ ಲೊಂಗರೋನೆ ಪಟ್ಟಣವನ್ನು ಬಳಿದುಕೊಂಡು ಹೋಯಿತು. ಸತ್ತವರು ಸುಮಾರು 2,000 ಮಂದಿ.

ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಣೆಕಟ್ಟಿನ ವಿನ್ಯಾಸ ಮಾಡಿದವರು ಎಂಜಿನಿಯರ್ ಕಾರ್ಲೊ ಸೆಮೆಂಜಾ. ಅವರ ಮಗ ಎದೊಆರ್ದೊ ಭೂವಿಜ್ಞಾನಿ. ಈ ಬೆಟ್ಟ ಹಿಂದೆಂದೋ ಜಾರಿದ್ದು, ಮತ್ತೆ ಜಾರಬಹುದು ಎಂದು ಮಗನೇ 1960ರಲ್ಲಿ ವರದಿ ಕೊಟ್ಟಿದ್ದರು. ಅದೇ ವರ್ಷ ಬೆಟ್ಟದ ಮೇಲೆ ಸುಮಾರು 2 ಕಿ.ಮೀ. ಉದ್ದದ ಬಿರುಕೂ ಬಿಟ್ಟಿತು. ಆದರೆ ಅಷ್ಟರಲ್ಲಿ ಗೋಡೆ ಎದ್ದಾಗಿತ್ತು. ನೀರಿನ ಮಟ್ಟ ಏರಿಸಿ ಇಳಿಸಿ ಬೆಟ್ಟವನ್ನು ಹದ್ದುಬಸ್ತಿನಲ್ಲಿ ಇಡಬಹುದು ಅಂದುಕೊಂಡರು.

ಊರವರಿಗೂ ಭಯವಿತ್ತು. ಅದನ್ನು 1959ರಲ್ಲೇ ಪತ್ರಿಕೆಗೆ ಬರೆದ ಟೀನಾ ಮೆರ್ಲಿನ್ ಮೇಲೆ ಸುಳ್ಳು ಸುದ್ದಿ ಹಬ್ಬಿಸಿದ ಕೇಸು ಬಿತ್ತು. 1960ರಲ್ಲಿ ಖುಲಾಸೆಯಾದರು. ಜಿಲ್ಲೆಯ ಸುದ್ದಿ ಬರೆಯುವ ನನಗೆ ಇದನ್ನು ಮರೆಯಲು ಆಗುವುದಿಲ್ಲ.

ವಾಯೊಂತ್ ಕಲಿಸಿದ ಪಾಠ ಇಷ್ಟೇ: ಗೋಡೆಯ ಪಾಯ ನೋಡಿದರೆ ಸಾಲದು, ಸುತ್ತಲಿನ ಇಳಿಜಾರನ್ನೂ ನೋಡಬೇಕು. ಅದೂ ಕಟ್ಟುವ ಮೊದಲೇ.

ನಮಗಿದು ದೂರದ ಕಥೆಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಜಾರಿತು. ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಗಾತ್ರ ಚಿಕ್ಕದು, ಬಗೆ ಅದೇ.

ನಮ್ಮ ದೇಶದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1851ರಲ್ಲಿ ಹುಟ್ಟಿದ್ದು ಕಲ್ಲಿದ್ದಲು ಹುಡುಕಲು. 2004ರಿಂದ ಭೂಕುಸಿತದ ಅಧ್ಯಯನದ ಹೊಣೆಯೂ ಅದರ ಮೇಲಿದೆ. ಈಗ ಉಪಗ್ರಹ, ಡ್ರೋನ್ ಎಲ್ಲ ಬಂದಿವೆ. ಆದರೂ ಗುಡ್ಡ ಹತ್ತಿ ವಾಲಿದ ಮರ, ಹೊಸದಾಗಿ ಜಿನುಗುವ ನೀರು, ಸಣ್ಣ ಬಿರುಕು ನೋಡಿ ಅರ್ಥ ಮಾಡಿಕೊಳ್ಳುವ ಕಣ್ಣು ಬೇಕೇ ಬೇಕು. ಆ ಕಣ್ಣು ಗುಡ್ಡದ ಬುಡದಲ್ಲೇ ಬೆಳೆದ ಮಕ್ಕಳಿಗೆ ಇರುತ್ತದೆ.

ನಿಮ್ಮ ಮನೆಯಲ್ಲಿ ಪಿಯುಸಿ ವಿಜ್ಞಾನ ಓದುವವರಿದ್ದರೆ ಹೇಳಿ: ಬಿಎಸ್ಸಿ, ಎಂಎಸ್ಸಿಯಲ್ಲಿ ಭೂವಿಜ್ಞಾನ ಓದಿದರೆ ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಬರೆಯಬಹುದು. ಗುಡ್ಡ ಕಡಿಯಲು ಜೆಸಿಬಿ ಬರುವ ಮೊದಲು ಗುಡ್ಡವನ್ನು ಓದಬಲ್ಲವರೊಬ್ಬರು ಊರಿಗೆ ಬರಬೇಕು. ಅವರು ನಮ್ಮವರೇ ಯಾಕಾಗಬಾರದು?