ಹಲ್ಲು ಕಿತ್ತ ಗುಳಿಯ ಕಥೆ

ಮೂರು ವಾರದ ರಜೆಗೆ ಊರಿಗೆ ಹೋಗುವ ನಮ್ಮ ಪಟ್ಟಿಯಲ್ಲಿ ಮದುವೆ, ಮುಂಜಿ, ಧರ್ಮಸ್ಥಳಗಳ ಜೊತೆಗೆ ಹಲ್ಲಿನ ಡಾಕ್ಟರೂ ಇರುತ್ತಾರೆ. ಇಲ್ಲಿಯ ಖರ್ಚಿಗೆ ಹೆದರಿ, ಅಲ್ಲಿ ಒಂದೇ ಸಲಕ್ಕೆ ಹಲ್ಲು ಕೀಳಿಸಿ, ಅದೇ ಗುಳಿಯಲ್ಲಿ ಇಂಪ್ಲಾಂಟ್ ಕೂರಿಸಿಕೊಂಡು ಬರುವ ಆಸೆ ನಮಗೆ. ಆದರೆ ಮೂಳೆಗೆ ನಮ್ಮ ವಿಮಾನದ ಟಿಕೆಟ್ಟಿನ ತಾರೀಖು ತಿಳಿಯದು. ಈ ಆತುರಕ್ಕೂ ಒಂದು ಇತಿಹಾಸವಿದೆ.

1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪರ್ ಇಂಗ್ವಾರ್ ಬ್ರೋನೆಮಾರ್ಕ್ ಅವರು ಮೊಲದ ಕಾಲಿನ ಮೂಳೆಯೊಳಗೆ ಪುಟ್ಟ ಟೈಟಾನಿಯಂ ಸಾಧನವಿಟ್ಟು ರಕ್ತಸಂಚಾರವನ್ನು ನೋಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಅದು ಹೊರಬರಲೇ ಇಲ್ಲ. ಮೂಳೆ ಅದನ್ನು ಅಪ್ಪಿಕೊಂಡುಬಿಟ್ಟಿತ್ತು! 1965ರಲ್ಲಿ ಅವರು ಮೊದಲ ರೋಗಿಗೆ ಕೂರಿಸಿದ ಇಂಪ್ಲಾಂಟ್‌ಗಳು 2006ರಲ್ಲಿ ಆತ ತೀರಿಕೊಳ್ಳುವ ತನಕ ಬಾಯಲ್ಲಿದ್ದವು. ಬ್ರೋನೆಮಾರ್ಕರದು ತಾಳ್ಮೆಯ ದಾರಿ. ಹಲ್ಲು ಕಿತ್ತ ಜಾಗ ಮಾಯಲು ತಿಂಗಳುಗಟ್ಟಲೆ, ಸ್ಕ್ರೂ ಕೂರಿಸಿದ ಮೇಲೆ ಮತ್ತೆ ಮೂರರಿಂದ ಆರು ತಿಂಗಳು ಕಾಯಬೇಕು.

ಅಷ್ಟು ಕಾಯಲು ಎಲ್ಲರಿಗೂ ಆಗದಲ್ಲ! 1970ರ ದಶಕದ ನಡುವೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ವಿಲ್‌ಫ್ರೀಡ್ ಶುಲ್ಟೆ ಅವರು ಹಲ್ಲು ಕಿತ್ತ ಕೂಡಲೇ ಅದೇ ಗುಳಿಯಲ್ಲಿ ಪಿಂಗಾಣಿಯ ಇಂಪ್ಲಾಂಟ್ ಕೂರಿಸತೊಡಗಿದರು. ತೊಡಕು ಅಳತೆಯದು. ಗುಳಿ ಅಗಲ, ಸ್ಕ್ರೂ ಸಪೂರ, ನಡುವೆ ಸಂದು. ಕಂಬ ನೆಟ್ಟವರು ಸುತ್ತ ಜಲ್ಲಿ ತುಂಬುವ ಹಾಗೆ ವೈದ್ಯರು ಆ ಸಂದಿಗೆ ಮೂಳೆಯ ಪುಡಿ ತುಂಬಲಾರಂಭಿಸಿದರು. ವಸಡು ಒಳನುಗ್ಗದಂತೆ ತೆಳು ಪೊರೆ ಮುಚ್ಚುವ ಕ್ರಮವನ್ನು 1989ರಲ್ಲಿ ಅಮೆರಿಕದ ರಿಚರ್ಡ್ ಲಜ್ಜಾರಾ ಬರೆದು ತಿಳಿಸಿದರು.

ಸಂದು ಸುಮಾರು 2 ಮಿಲಿಮೀಟರಿನೊಳಗಿದ್ದರೆ ಹೆಪ್ಪುಗಟ್ಟಿದ ರಕ್ತದ ಜಾಗದಲ್ಲಿ ಮೂಳೆ ತಾನೇ ಬೆಳೆಯಬಲ್ಲದು. ಹಾಗಾದರೆ ಪುಡಿ ಏಕೆ? ಇಂಪ್ಲಾಂಟನ್ನು ಕೂಡಲೇ ಕೂರಿಸಿದರೂ ಹೊರಬದಿಯ ತೆಳು ಗೋಡೆ ಕರಗುವುದು ನಿಲ್ಲದೆಂದು 2005ರಲ್ಲಿ ಅರೌಜೊ, ಲಿಂಡೆ ಮತ್ತಿತರರು ನಾಯಿಗಳ ಮೇಲಿನ ಪ್ರಯೋಗದಲ್ಲಿ ಕಂಡರು. ಆ ಗೋಡೆಯ ಬಹುಪಾಲು ಇದ್ದದ್ದೇ ಹಲ್ಲಿಗಾಗಿ; ಹಲ್ಲು ಹೋದರೆ ಅದೂ ಹೋಗುತ್ತದೆ. ಪುಡಿ ಈ ಕುಸಿತವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯದು.

ಅದು ಯಾವುದರ ಪುಡಿ? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಏಳದೆ ಇರದು. ಬಹಳ ಬಳಕೆಯಲ್ಲಿರುವುದು ದನದ ಮೂಳೆಯಿಂದ ಸಾವಯವ ಅಂಶವನ್ನು ತೆಗೆದು ಮಾಡಿದ್ದು. ನಮ್ಮ ಹಿರಿಯರೊಬ್ಬರು ಇದನ್ನು ತಿಳಿದೊಡನೆ ಕುರ್ಚಿಯಿಂದಲೇ ಎದ್ದುಬಂದರು. ರೋಗಿಯದೇ ಮೂಳೆ ಅಥವಾ ಕೃತಕ ಕ್ಯಾಲ್ಸಿಯಂ ಫಾಸ್ಫೇಟನ್ನೂ ಬಳಸಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮರುವರ್ಷ ತಮ್ಮ ದವಡೆಯದೇ ಮೂಳೆ ಹಾಕಿಸಿಕೊಂಡು, ಟಿಕೆಟ್ ಮುಂದೂಡಿ ಐದು ತಿಂಗಳು ಊರಲ್ಲೇ ಉಳಿದರು. ಗೌರಿ ಹಬ್ಬಕ್ಕೆ ಅಲ್ಲಿಂದಲೇ ಫೋನು ಬಂತು: ಕೋಡುಬಳೆ ಮುರಿಯುವ ಸದ್ದು ನಮಗೂ ಕೇಳಿಸಿತು.