ಬಟ್ಟಲುಗಣ್ಣಿನ ಒಳಗಿನ ಒತ್ತಡ

ಮಗುವಿನ ಕಣ್ಣು ದೊಡ್ಡದಾಗಿದ್ದರೆ ನಮ್ಮಲ್ಲಿ ಅದು ಚೆಲುವಿನ ಲಕ್ಷಣ. ಬಟ್ಟಲುಗಣ್ಣು ಎಂದು ಮುದ್ದಾಡುತ್ತೇವೆ, ದೃಷ್ಟಿ ತಾಗೀತೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತೇವೆ. ಬಹುಪಾಲು ಮಕ್ಕಳ ಮಟ್ಟಿಗೆ ಆ ಸಂಭ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲವು ಕೂಸುಗಳ ಕಣ್ಣು ದೊಡ್ಡದಾಗುವುದು ಒಳಗಿನ ದ್ರವದ ಒತ್ತಡ ಅದನ್ನು ಹಿಗ್ಗಿಸುತ್ತಿರುವುದರಿಂದ. ಅದು ಗ್ಲಾಕೋಮಾ. ಇಂಥ ಕಣ್ಣಿಗೆ ವೈದ್ಯರು ಹೇಳುವ ‘ಬಫ್ತಾಲ್ಮಸ್’ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಎತ್ತಿನ ಕಣ್ಣು ಎಂದರ್ಥ. ವಯಸ್ಕರಲ್ಲಿ ಗ್ಲಾಕೋಮಾ ಸದ್ದಿಲ್ಲದೆ ಬರುತ್ತದೆ. ಕಣ್ಣಿನ ಗೋಡೆ ಗಟ್ಟಿಯಾಗಿರುವುದರಿಂದ ಹೊರಗೇನೂ ಕಾಣದೆ ಒಳಗಿನ ನರ ಸವೆಯುತ್ತದೆ. ಎಳೆಗೂಸಿನದು ಹಾಗಲ್ಲ. ಮೂರು ವರ್ಷದೊಳಗಿನ ಕಣ್ಣಿನ ಗೋಡೆ ಇನ್ನೂ ಮೆದು, ಒತ್ತಡಕ್ಕೆ ಹಿಗ್ಗುತ್ತದೆ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಮಬ್ಬಾಗುತ್ತದೆ. ಕಣ್ಣಲ್ಲಿ ನೀರು ಸುರಿಯುತ್ತದೆ, ಮಗು ಬೆಳಕು ಕಂಡರೆ ಮುಖ ಮುಚ್ಚಿಕೊಳ್ಳುತ್ತದೆ. ತಾಯಿಯ ಮಡಿಲಲ್ಲೇ ಇಷ್ಟು ಕುರುಹು ತೋರಿಸುವ ಈ ರೋಗದಿಂದ ಮಕ್ಕಳು ಇನ್ನೂ ಕುರುಡಾಗುತ್ತಿದ್ದರೆ, ಕೊರತೆ ಇರುವುದು ಶಸ್ತ್ರಚಿಕಿತ್ಸೆಯ ಕೌಶಲದಲ್ಲಿ ಅಲ್ಲ. ಆ ಕುರುಹುಗಳನ್ನು ಓದಿ ಮಗುವನ್ನು ವೈದ್ಯರ ಬಳಿ ತಲುಪಿಸುವುದರಲ್ಲಿ ಎಂಬುದೇ ಈ ಬರಹದ ವಾದ. ಚಿಕಿತ್ಸೆ ಬೆಳೆದುಬಂದ ಹಾದಿಯೇ ಅದಕ್ಕೆ ಆಧಾರ.

ಕಣ್ಣಿನೊಳಗೆ ಸದಾ ಒಸರುವ ತಿಳಿನೀರು, ಕಾರ್ನಿಯಾ ಮತ್ತು ಐರಿಸ್ ಕೂಡುವ ಕೋನದಲ್ಲಿರುವ ಜರಡಿಯಂಥ ಅಂಗಾಂಶದ ಮೂಲಕ ಹೊರಹೋಗಬೇಕು. ಹುಟ್ಟಿನಿಂದ ಬರುವ ಗ್ಲಾಕೋಮಾದಲ್ಲಿ ಗರ್ಭದಲ್ಲೇ ಆ ಕೋನದ ಬೆಳವಣಿಗೆ ಅರ್ಧಕ್ಕೆ ನಿಂತಿರುತ್ತದೆ. ನೇಪಲ್ಸಿನ ಕಾರ್ಲೋ ದೆ ವಿಂಚೆಂಟಿಸ್ 1893ರಲ್ಲೇ ಕೋನವನ್ನು ಸೀಳಿ ದಾರಿ ಮಾಡಲು ಯತ್ನಿಸಿದ್ದರು. ಆದರೆ ಕೋನವನ್ನು ಕಣ್ಣಾರೆ ನೋಡುವ ಸಾಧನ ಆಗ ಇರಲಿಲ್ಲ. ಕುರುಡು ಕೈಯಿಂದ ನಡೆದ ಆ ಕೆಲಸ ಮೂಲೆಗೆ ಬಿತ್ತು. 1939ರಲ್ಲಿ ಮೆಲ್ಬರ್ನಿನ ರಿಂಗ್‌ಲ್ಯಾಂಡ್ ಆಂಡರ್ಸನ್ ಈ ರೋಗದ ಬಗ್ಗೆ ಇಡೀ ಗ್ರಂಥವನ್ನೇ ಬರೆದರೂ, ಇಂಥ ಮಕ್ಕಳಿಗೆ ದುಡಿದು ಬದುಕುವಷ್ಟು ದೃಷ್ಟಿ ಉಳಿಯುವ ಆಸೆ ಕಡಿಮೆ ಎಂಬ ನಿರ್ಣಯಕ್ಕೇ ಬಂದರು. ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಆಟೋ ಬಾರ್ಕನ್ ಕಣ್ಣಿನ ಮೇಲೆ ವಿಶೇಷ ಮಸೂರವಿಟ್ಟು, ಕೋನವನ್ನು ನೇರವಾಗಿ ನೋಡುತ್ತಲೇ ಸಣ್ಣ ಚಾಕುವಿನಿಂದ ಅದನ್ನು ಬಿಡಿಸುವ ವಿಧಾನ ರೂಪಿಸುತ್ತಿದ್ದರು. ಗೋನಿಯಾಟಮಿ ಎಂಬ ಈ ಶಸ್ತ್ರಕ್ರಿಯೆಯನ್ನು ಅವರು 1942ರಲ್ಲಿ ಹುಟ್ಟು ಗ್ಲಾಕೋಮಾಕ್ಕೆ ಬಳಸಿ ವರದಿ ಮಾಡಿದ ಮೇಲೆ, ಕತ್ತಲೆಂದು ಬರೆದಿಟ್ಟಿದ್ದ ಭವಿಷ್ಯ ಕೆಲವೇ ವರ್ಷಗಳಲ್ಲಿ ಬದಲಾಯಿತು. ಕೋನವನ್ನು ಒಂದು ತೆಳುಪೊರೆ ಮುಚ್ಚಿದೆ ಎಂದು ಬಾರ್ಕನ್ ನಂಬಿದ್ದರು; ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅಂಥ ಪೊರೆಯನ್ನು ಕಾಣಲಿಲ್ಲ. ಸಿದ್ಧಾಂತ ಬಿದ್ದರೂ ಶಸ್ತ್ರಕ್ರಿಯೆ ಉಳಿದುಕೊಂಡಿತು. ಕಣ್ಣಿಗೆ ಕಂಡ ಜಾಗದಲ್ಲಿ ಕೈಯಾಡಿದ್ದೇ ಇಲ್ಲಿ ನಿರ್ಣಾಯಕವಾಯಿತು.

ಆದರೆ ಕೋನ ಕಾಣಬೇಕಾದರೆ ಕಾರ್ನಿಯಾ ತಿಳಿಯಾಗಿರಬೇಕು. ತಡವಾಗಿ ಬಂದ ಮಗುವಿನ ಕಾರ್ನಿಯಾ ಮಜ್ಜಿಗೆ ಕದಡಿದಂತಿರುತ್ತದೆ. ಇದಕ್ಕೆ 1960ರಲ್ಲಿ ಲಂಡನ್ನಿನ ರೆಡ್ಮಂಡ್ ಸ್ಮಿತ್ ಮತ್ತು ಅಮೆರಿಕದ ಹರ್ಮನ್ ಬುರಿಯನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಹೊರಗಿನಿಂದಲೇ ದಾರಿ ಹುಡುಕಿದರು. ಕಣ್ಣಿನ ಬಿಳಿಭಾಗವನ್ನು ಬಿಡಿಸಿ, ದ್ರವ ಸಾಗುವ ಕಾಲುವೆಯೊಳಗೆ ಎಳೆ ಅಥವಾ ತಂತಿ ತೂರಿಸಿ, ಒಳಗಿನ ತಡೆಯನ್ನು ಹರಿಯುವ ಕ್ರಮ ಅದು: ಟ್ರಬೆಕ್ಯುಲಾಟಮಿ. 1995ರಲ್ಲಿ ಬೆಕ್ ಮತ್ತು ಲಿಂಚ್ ಎಂಬ ನೇತ್ರತಜ್ಞರು ಹೊಲಿಗೆಯ ದಾರವನ್ನೇ ಕಾಲುವೆಯ ಸುತ್ತಲೂ ತೂರಿಸಿ ಇಡೀ ವೃತ್ತವನ್ನು ಒಂದೇ ಸಲಕ್ಕೆ ತೆರೆದರು. ಭಾರತದ ಕೊಡುಗೆ ಬರುವುದು ಇಲ್ಲಿ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಅನಿಲ್ ಕುಮಾರ್ ಮಂಡಲ್, ಕಾಲುವೆಯನ್ನು ತೆರೆಯುವ ಕ್ರಿಯೆಯನ್ನೂ ದ್ರವಕ್ಕೆ ಹೊಸ ಹೊರದಾರಿ ಮಾಡುವ ಟ್ರಬೆಕ್ಯುಲೆಕ್ಟಮಿಯನ್ನೂ ಕೂಡಿಸಿ ಮೊದಲ ಶಸ್ತ್ರಕ್ರಿಯೆಯಾಗಿಯೇ ಮಾಡುವ ಪದ್ಧತಿಯನ್ನು ಬೆಳೆಸಿದರು. ಹುಟ್ಟಿ ತಿಂಗಳೂ ತುಂಬದ ಕೂಸುಗಳಿಗೂ ಅದನ್ನು ಮಾಡಿ ಫಲಿತಾಂಶ ಪ್ರಕಟಿಸಿದರು. 2003ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ನಮ್ಮಲ್ಲಿ ಮಕ್ಕಳು ಮಬ್ಬುಗಟ್ಟಿದ ಕಣ್ಣಿನೊಂದಿಗೆ, ತೀವ್ರ ರೂಪದ ರೋಗದೊಂದಿಗೆ ಬರುತ್ತಾರೆ ಎಂಬ ವಾಸ್ತವಕ್ಕೆ ಕೊಟ್ಟ ಉತ್ತರ ಇದು. ಅಷ್ಟೇ ಸ್ಪಷ್ಟವಾಗಿ, ನಮ್ಮ ವಿಳಂಬಕ್ಕೆ ಸಾಕ್ಷಿಯೂ ಹೌದು.

ಇಷ್ಟು ಎಳೆಯ ಕಣ್ಣಿಗೆ ಚಾಕು ಏಕೆ, ಹನಿಯೌಷಧ ಸಾಲದೇ ಎಂಬ ಪ್ರಶ್ನೆ ಸಹಜ. ದೊಡ್ಡವರಲ್ಲಿ ಹನಿಗಳೇ ಮೊದಲ ಚಿಕಿತ್ಸೆಯಾಗಿರುವಾಗ ಕೂಸಿಗೆ ಅರಿವಳಿಕೆಯ ಅಪಾಯ ಏಕೆ ಎಂದು ತಂದೆತಾಯಿ ಕೇಳುವುದರಲ್ಲಿ ನ್ಯಾಯವಿದೆ. ಆದರೆ ಕಟ್ಟೋಣದಲ್ಲೇ ಇರುವ ದೋಷವನ್ನು ಹನಿ ಸರಿಪಡಿಸದು. ಶಸ್ತ್ರಕ್ರಿಯೆಯ ದಿನದವರೆಗೆ ಒತ್ತಡ ತಗ್ಗಿಸಿ ಕಾರ್ನಿಯಾ ತಿಳಿಗೊಳಿಸುವುದು, ಆಮೇಲೆ ಉಳಿದ ಕೊರತೆ ತುಂಬುವುದು ಅದರ ಪಾಲು. ಹನಿಯೆಂದರೆ ನಿರಪಾಯ ಎಂದೂ ಅಲ್ಲ. ಟಿಮೊಲಾಲ್ ಹಸುಗೂಸಿನ ಉಸಿರಾಟವನ್ನು ತಡೆಯಬಲ್ಲದು. ಬ್ರಿಮೊನಿಡಿನ್ ಅನ್ನು ಎರಡು ವರ್ಷದೊಳಗಿನವರಿಗೆ ಹಾಕಲೇಬಾರದು. ಅರಿವಳಿಕೆಯ ಅಪಾಯ ನಿಜ, ಅದಕ್ಕೇ ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರಿರುವ ಕೇಂದ್ರ ಬೇಕು. ಆದರೂ ತಡಮಾಡಿದರೆ ಆಗುವ ಹಾನಿ ಶಾಶ್ವತ. ಹೊತ್ತಿಗೆ ಒತ್ತಡ ಇಳಿದರೆ ಎಳೆಯ ಕಣ್ಣಿನಲ್ಲಿ ನರದ ಬಾಯಲ್ಲಿ ಆಗಿದ್ದ ಗುಳಿ ಮತ್ತೆ ಕಿರಿದಾಗುವುದುಂಟು. ದೊಡ್ಡವರಲ್ಲಿ ಇದು ಅಪರೂಪ. ಮೂರು ತಿಂಗಳಿಂದ ಒಂದು ವರ್ಷದೊಳಗೆ ಕಾಣಿಸಿಕೊಂಡ ರೋಗಕ್ಕೆ ಕೋನದ ಶಸ್ತ್ರಕ್ರಿಯೆ ಅತ್ಯುತ್ತಮ ಫಲ ಕೊಡುತ್ತದೆ. ಅದೂ ಸೋತರೆ ದ್ರವ ಹೊರಹರಿಯಲು ಕೊಳವೆ ಜೋಡಿಸುವ ದಾರಿಯಿದೆ. 1969ರಲ್ಲಿ ನೇತ್ರತಜ್ಞ ಮಾಲ್ಟಿನೋ ಆರಂಭಿಸಿದ ಆ ಸಾಧನಗಳನ್ನು ಮಧುರೆಯ ಅರೊಲ್ಯಾಬ್ ಸಂಸ್ಥೆ 2013ರಿಂದ ಕಡಿಮೆ ಬೆಲೆಗೆ ತಯಾರಿಸುತ್ತಿದೆ.

ವಂಶವಾಹಿಯ ಸಂಶೋಧನೆ ಇದನ್ನೆಲ್ಲ ಅನಗತ್ಯ ಮಾಡೀತು ಎಂಬ ನಿರೀಕ್ಷೆ 1997ರಲ್ಲಿ ಹುಟ್ಟಿತು. ಸಿವೈಪಿ1ಬಿ1 ಎಂಬ ಜೀನಿನ ದೋಷ ಈ ರೋಗಕ್ಕೆ ಕಾರಣವೆಂದು ತಿಳಿದದ್ದು ಆಗಲೇ. ತಂದೆತಾಯಿ ಇಬ್ಬರೂ ದೋಷದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಪಾಶ್ಚಾತ್ಯ ದೇಶಗಳಲ್ಲಿ 10,000 ಹೆರಿಗೆಗೆ ಒಂದರಂತೆ ಕಾಣುವ ರೋಗ, ರಕ್ತಸಂಬಂಧದ ಮದುವೆಗಳು ಹೆಚ್ಚಿರುವ ಸೌದಿ ಅರೇಬಿಯಾದಲ್ಲಿ 2,500ಕ್ಕೆ ಒಂದು, ಸ್ಲೊವಾಕಿಯಾದ ರೋಮಾ ಜನರಲ್ಲಿ 1,250ಕ್ಕೆ ಒಂದು. ಆಂಧ್ರಪ್ರದೇಶದ ಅಂದಾಜು 3,300ಕ್ಕೆ ಒಂದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯುಳ್ಳ ಕರ್ನಾಟಕದಲ್ಲಿ ಇದನ್ನು ಅಲಕ್ಷಿಸಲಾಗದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ, ಸುಮಾರು ಮೂರರಲ್ಲಿ ಒಂದು ಪಾಲು ದಂಪತಿಗಳು ರಕ್ತಸಂಬಂಧಿಗಳೆಂದು ಕಂಡಿತು. ಆದರೆ ತಪ್ಪನ್ನೆಲ್ಲ ಮದುವೆಯ ಮೇಲೆ, ಅದರಲ್ಲೂ ತಾಯಿಯ ಮೇಲೆ ಹೊರಿಸುವುದು ಅನ್ಯಾಯ. ಭಾರತದ ರೋಗಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಯಲ್ಲಿ ಮಾತ್ರ ಈ ಜೀನಿನ ದೋಷ ಸಿಕ್ಕಿದೆ. ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳಿಗೂ ರೋಗ ಬರುತ್ತದೆ. ಜೀನ್ ಪರೀಕ್ಷೆಯಿಂದ ಇಂದು ಆಗುವ ದೊಡ್ಡ ಉಪಯೋಗ ಕುಟುಂಬಕ್ಕೆ ತಿಳಿವಳಿಕೆ ನೀಡುವುದು, ಮುಂದಿನ ಕೂಸಿನ ಕಣ್ಣನ್ನು ಹುಟ್ಟಿದೊಡನೆ ನೋಡುವುದು.

ಇಷ್ಟು ಅಪರೂಪದ ರೋಗಕ್ಕೆ ಎಲ್ಲ ಮಕ್ಕಳನ್ನೂ ತಪಾಸಣೆ ಮಾಡುವುದು ದುಬಾರಿ ಎಂಬ ಆಕ್ಷೇಪ ಅತ್ಯಂತ ಬಲವಾದದ್ದು. ಮಕ್ಕಳ ತಪಾಸಣೆಗೆಂದೇ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಹುಟ್ಟು ದೋಷಗಳ ಮೂಲ ಪಟ್ಟಿಯಲ್ಲಿ ಕಣ್ಣಿನ ಪೊರೆಯಿದೆ, ಅವಧಿಗೆ ಮುನ್ನ ಹುಟ್ಟಿದವರ ಅಕ್ಷಿಪಟಲದ ರೋಗವಿದೆ, ಗ್ಲಾಕೋಮಾ ಇಲ್ಲ. ಆದರೆ ಗ್ಲಾಕೋಮಾದ ತಪಾಸಣೆಗೆ ಹೊಸ ಯಂತ್ರವಾಗಲಿ ಹೊಸ ಸಿಬ್ಬಂದಿಯಾಗಲಿ ಬೇಕಿಲ್ಲ. 6, 10, 14ನೇ ವಾರಗಳಲ್ಲಿ ಲಸಿಕೆಗೆಂದು ಕೂಸುಗಳು ಹೇಗೂ ಆರೋಗ್ಯ ಕೇಂದ್ರಕ್ಕೆ ಬರುತ್ತವೆ, ಒಂಬತ್ತನೇ ತಿಂಗಳಲ್ಲಿ ಮತ್ತೆ ಬರುತ್ತವೆ. ರೋಗ ಮುಖ ತೋರಿಸುವ ಕಾಲವೂ ಹೆಚ್ಚುಕಡಿಮೆ ಅದೇ. ಹುಟ್ಟಿದ ಕೂಸಿನ ಕಾರ್ನಿಯಾ ಅಡ್ಡಲಾಗಿ ಸುಮಾರು 10 ಮಿ.ಮೀ.; ವರ್ಷದೊಳಗೆ 12 ದಾಟಿದರೆ ಅನುಮಾನಿಸಬೇಕು. ಅದನ್ನು ನೋಡಲು ಒಂದು ಟಾರ್ಚು, ಒಂದು ಅಳತೆಪಟ್ಟಿ ಸಾಕು. ತಾಯಿ ಕಾರ್ಡಿನಲ್ಲಿ ಇದಕ್ಕೊಂದು ಸಾಲು ಇರಲಿ. ನೀರೂರುವ ಕಣ್ಣನ್ನೆಲ್ಲ ಕಣ್ಣೀರಿನ ನಾಳ ಕಟ್ಟಿದೆ ಎಂದು ಕಳಿಸಿಬಿಡುವ ಅಭ್ಯಾಸವೊಂದು ತಪ್ಪಿದರೂ ಎಷ್ಟೋ ವಾರಗಳು ಉಳಿಯುತ್ತವೆ.

ಶಸ್ತ್ರಕ್ರಿಯೆಯೊಂದಿಗೆ ಕೆಲಸ ಮುಗಿಯುವುದೂ ಇಲ್ಲ. ಹಿಗ್ಗಿದ ಕಣ್ಣಿಗೆ ಸಮೀಪದೃಷ್ಟಿ ಬರುತ್ತದೆ, ಕನ್ನಡಕ ಬೇಕು. ಸೋಮಾರಿ ಕಣ್ಣನ್ನು ಎಚ್ಚರಿಸಲು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಬೇಕು. ಒತ್ತಡ ವರ್ಷಗಳ ನಂತರವೂ ಮರಳಬಹುದು. ಎಳವೆಯಲ್ಲಿ ಪೊರೆಯ ಶಸ್ತ್ರಕ್ರಿಯೆಯಾದ ಮಕ್ಕಳಿಗೂ ಈ ಕಾವಲು ಬೇಕು. ಅಂಥವರನ್ನು ಅಮೆರಿಕದಲ್ಲಿ ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ ಶೇ. 22ರಷ್ಟು ಕಣ್ಣುಗಳಿಗೆ ಗ್ಲಾಕೋಮಾ ಬಂದಿತ್ತು. ನಿಮ್ಮ ಮನೆಯ, ನೆರೆಮನೆಯ ಕೂಸು ಬೆಳಕಿಗೆ ಮುಖ ತಿರುಗಿಸುತ್ತಿದ್ದರೆ, ಕಣ್ಣಲ್ಲಿ ನೀರಾಡುತ್ತಿದ್ದು ಕರಿಗುಡ್ಡೆ ದೊಡ್ಡದಾಗಿ ಮಬ್ಬಾಗಿ ಕಂಡರೆ, ಮುಂದಿನ ಲಸಿಕೆಯ ದಿನಕ್ಕೆ ಕಾಯಬೇಡಿ; ಅದೇ ವಾರ ಮಕ್ಕಳ ಕಣ್ಣಿನ ವೈದ್ಯರ ಬಳಿ ಕರೆದೊಯ್ಯಿರಿ.